ಹೆಂಡ್ರಿಕ್ ಫಾನ್ ರೇಡೆಯ ಮನೆತನ ಹುಡುಕಿದ ಬಗೆ: ನನ್ನ ಅನುಭವ

'ಹೋರ್ಟಸ್ ಮಲಬಾರಿಕಸ್' ಅನ್ನೋ ಹೆಸರನ್ನು ಗಿಡಮೂಲಿಕೆಯಲ್ಲಿ ಆಸಕ್ತಿ ಇರುವವರು ಕೇಳಿರುತ್ತಾರೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಪುಸ್ತಕ ಅದು. ಮಲಬಾರಿನ 740ರಷ್ಟು ಗಿಡ, ಮರ, ಬಳ್ಳಿಗಳ ಚಿತ್ರ, ವಿವರ, ಔಷಧಿ ಗುಣ ಎಲ್ಲಾ ಅದರಲ್ಲಿದೆ. ಅದನ್ನು ಬರೆಸಿದವನು ಕೊಚ್ಚಿಯ ಡಚ್ ಕಮಾಂಡರ್ ಹೆಂಡ್ರಿಕ್ ಆಡ್ರಿಯಾನ್ ಫಾನ್ ರೇಡೆ. ನಮ್ಮ ಕಡೆಯ ಪುಸ್ತಕಗಳಲ್ಲಿ ವಾನ್ ರೀಡ್ ಅಂತ ಬರೆಯುತ್ತಾರೆ.

ಪುಸ್ತಕದ ಬಗ್ಗೆ ಓದೋದಕ್ಕೆ ಬೇಕಾದಷ್ಟು ಸಿಗುತ್ತದೆ. ಆದರೆ ಮನುಷ್ಯನ ಬಗ್ಗೆ ಕೇಳಿದರೆ 'ಡಚ್ ಕುಲೀನ' ಅಂತ ಒಂದು ಮಾತು ಹೇಳಿ ಮುಂದೆ ಹೋಗುತ್ತಾರೆ. ನನಗೆ ಅಷ್ಟು ಸಾಕಾಗಲಿಲ್ಲ. ಯಾವ ಮನೆಯವನು? ತಂದೆ ತಾಯಿ ಯಾರು? ದೊಡ್ಡ ಮನೆತನದ ಹುಡುಗ 20ನೇ ವಯಸ್ಸಿಗೆ ಡಚ್ ಈಸ್ಟ್ ಇಂಡಿಯಾ ಕಂಪನಿ ಸೇರಿ, ತಿಂಗಳುಗಟ್ಟಲೆ ಹಡಗಿನಲ್ಲಿ ಕೂತು ಏಷ್ಯಾಕ್ಕೆ ಬರೋ ಅಗತ್ಯವಾದರೂ ಏನಿತ್ತು? ನಾನು ಕುಂದಾಪುರ ಕಡೆಯವನು, ಕೆಲಸದ ಮೇಲೆ ಬಂದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಹತ್ತಿರ ನೆಲೆಸಿದ್ದೇನೆ. ಫಾನ್ ರೇಡೆ ಮನೆತನದ ಊರುಗಳಲ್ಲಿ ಹೆಚ್ಚಿನವು ಇದೇ ಪ್ರಾಂತ್ಯದಲ್ಲಿವೆ. ಹಾಗಾಗಿ ರಜಾ ದಿನಗಳಲ್ಲಿ ಹುಡುಕಲು ಶುರು ಮಾಡಿದೆ. ಹೇಗೆ ಹುಡುಕಿದೆ, ಏನು ಸಿಕ್ಕಿತು ಅಂತ ಇಲ್ಲಿ ಬರೆಯುತ್ತೇನೆ.

ಹಳೆಯ ಡಚ್ ಕುಲೀನರನ್ನು ಕುಟುಂಬದ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ, ಅವರ ಆಸ್ತಿ ಹಿಡಿದು ಹುಡುಕಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫಾನ್ ರೇಡೆ ಕುಟುಂಬದಲ್ಲಿ ಗೊಡಾರ್ಡ್ ಅನ್ನೋ ಹೆಸರಿನವರು ತಲೆಮಾರಿಗೆ ಇಬ್ಬರು ಮೂವರು ಇದ್ದಾರೆ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಮುಂದಿನವನಿಗೆ ತಾಯಿಯ ತಂದೆಯ ಹೆಸರು ಇಡೋದು ಅಲ್ಲಿನ ವಾಡಿಕೆ. ಅಜ್ಜನ ಹೆಸರು ಇಡೋದು ನಮ್ಮಲ್ಲೂ ಉಂಟಲ್ವಾ? ಹೀಗಾಗಿ ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಒಂದೇ ಹೆಸರು ಬಂದುಬಿಡುತ್ತದೆ. ಬರವಣಿಗೆಯಲ್ಲಿ ರೇಡೆ ಅನ್ನೋದನ್ನೇ ಒಬ್ಬೊಬ್ಬ ಗುಮಾಸ್ತ ಒಂದೊಂದು ರೀತಿ ಬರೆದಿದ್ದಾನೆ. ಆದರೆ ಹೆಸರಿನ ಕೊನೆಯಲ್ಲಿ ಬರುವ ಆಸ್ತಿಯ ಹೆಸರು ಒಬ್ಬೊಬ್ಬನಿಗೂ ಬೇರೆ. ಒಬ್ಬ ಆಮೆರೋಂಗೆನ್‌ನವನು, ಒಬ್ಬ ನೆಡರ್‌ಹೊರ್ಸ್ಟ್‌ನವನು, ಒಬ್ಬ ರೆನ್ಸ್‌ವೌಡೆಯವನು. ನಮ್ಮ ಹೆಂಡ್ರಿಕ್ ಡ್ರಾಕೆನ್‌ಸ್ಟೈನ್‌ನವನು. ದಕ್ಷಿಣ ಕನ್ನಡದಲ್ಲಿ ಗುತ್ತಿನ ಮನೆಯ ಹೆಸರು ಹೇಳಿದರೆ ಇಂಥವರ ಪೈಕಿ ಅಂತ ತಿಳಿಯುತ್ತದಲ್ಲ, ಇದೂ ಹಾಗೆ. ಮನೆ ಯಾವುದು ಅಂತ ಗೊತ್ತಾದರೆ ಕವಲು ಗೊತ್ತಾಗುತ್ತದೆ.

ಈ ಆಸ್ತಿಗಳಿಗೆ ಇಷ್ಟು ಬೆಲೆ ಯಾಕೆ ಅನ್ನೋದನ್ನೂ ತಿಳಿದುಕೊಳ್ಳಬೇಕು. 1581ರಲ್ಲಿ ಡಚ್ಚರು ಸ್ಪೇನಿನ ದೊರೆಯನ್ನು ತಳ್ಳಿಹಾಕಿದರು, ಮುಂದೆ ಗಣರಾಜ್ಯ ಮಾಡಿಕೊಂಡರು. ದೊರೆಯೇ ಇಲ್ಲದ ಮೇಲೆ ಹೊಸಬರಿಗೆ ಕುಲೀನ ಪಟ್ಟ ಕೊಡೋರು ಯಾರು? ಆಗಲೇ ಕುಲೀನರಾಗಿದ್ದ ಮನೆತನಗಳಷ್ಟೇ ಉಳಿದವು. ಉಟ್ರೆಕ್ಟ್ ಪ್ರಾಂತ್ಯದ ಆಡಳಿತ ಸಭೆಯಲ್ಲಿ ಕುಲೀನರಿಗೆ ತಮ್ಮದೇ ಒಂದು ಬಣ ಇತ್ತು. ಅದರಲ್ಲಿ ಕೂರಬೇಕಾದರೆ ಹಳೆಯ ವಂಶ ಆದರೆ ಸಾಲದು. ಪ್ರಾಂತ್ಯ ಒಪ್ಪಿದ ಗಡಿಮನೆ (ಕೋಟೆಯಂಥ ಕುಲೀನರ ಮನೆ) ಅಥವಾ ಜಹಗೀರು ಕೈಯಲ್ಲಿರಬೇಕು, ಪ್ರೊಟೆಸ್ಟೆಂಟ್ ರಿಫಾರ್ಮ್ಡ್ ಪಂಥದವನೂ ಆಗಿರಬೇಕು. ಅಂಥ ಗಡಿಮನೆಗಳ ಪಟ್ಟಿಯನ್ನು 1536ರಲ್ಲೇ ಮಾಡಿದ್ದರು. ಆ ಮನೆಗಳಲ್ಲಿ ಎಷ್ಟೋ ಇವತ್ತಿಗೂ ನಿಂತಿವೆ. ಸೈಕಲ್ ಹತ್ತಿ ಹೋಗಿ ನೋಡಿ ಬರಬಹುದು.

ಹೆಂಡ್ರಿಕ್ 1636ರಲ್ಲಿ ಹುಟ್ಟಿದವನು. ತಂದೆ ಎರ್ನ್ಸ್ಟ್ ಫಾನ್ ರೇಡೆ, ತಾಯಿ ಎಲಿಸಬೆತ್ ಫಾನ್ ಉಟೆನ್‌ಹೋವೆ. ತಂದೆ ಆಮ್‌ಸ್ಟರ್‌ಡ್ಯಾಮಿನ ನೌಕಾ ಮಂಡಳಿಯ ಸದಸ್ಯನಾಗಿದ್ದ. ಇಲ್ಲಿ ತಾರೀಖಿನ ವಿಷಯ ಒಂದು ಹೇಳಬೇಕು. ಆಮ್‌ಸ್ಟರ್‌ಡ್ಯಾಮ್ ಇರುವ ಹಾಲೆಂಡ್ ಪ್ರಾಂತ್ಯ 1583ರಲ್ಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಯಿತು. ಪಕ್ಕದ ಉಟ್ರೆಕ್ಟ್ ಬದಲಾದದ್ದು 1700ರ ಕೊನೆಗೆ. ಹೆಂಡ್ರಿಕ್‌ನ ಇಡೀ ಜೀವಮಾನದಲ್ಲಿ ಈ ಎರಡು ಊರುಗಳ ತಾರೀಖಿಗೆ 10 ದಿನ ವ್ಯತ್ಯಾಸ. ಒಂದೇ ಮನೆಯವರ ಕಾಗದಗಳು ಎರಡೂ ಕಡೆ ಇರೋದರಿಂದ ನಾನು ಪ್ರತಿ ತಾರೀಖಿನ ಪಕ್ಕ ಅದು ಯಾವ ಊರಿನ ದಾಖಲೆ ಅಂತ ಬರೆದಿಡುತ್ತೇನೆ. ಇಲ್ಲದಿದ್ದರೆ ಸತ್ತ ಮೇಲೆ ಸಹಿ ಹಾಕಿದ ಹಾಗೆ ಕಾಣೋ ಕಾಗದಗಳು ಸಿಗುತ್ತವೆ.

ತಾಯಿ 1637ರಲ್ಲಿ ತೀರಿಹೋದಳು. ಮಗುವಿಗೆ ಆಗ ಒಂದು ವರ್ಷ. 1640ರಲ್ಲಿ ತಂದೆಯೂ ಹೋದ. ನಾಲ್ಕು ವರ್ಷದ ಮಗು, ಒಡಹುಟ್ಟಿದವರಲ್ಲೆಲ್ಲ ಚಿಕ್ಕವನು, ತಬ್ಬಲಿ. ನನ್ನ ಮಟ್ಟಿಗೆ ಅವನ ಜೀವನದ ಬೀಗದಕೈ ಇಲ್ಲಿದೆ. ಈ ಮೂರು ಸಂಗತಿ ಗೊತ್ತಿಲ್ಲದೆ ಕೊಚ್ಚಿಯ ಕಮಾಂಡರನನ್ನು ಓದಿದರೆ ಅವನು ಅರ್ಥವೇ ಆಗೋದಿಲ್ಲ.

ಯಾಕೆ ಅಂದರೆ ಅಲ್ಲಿನ ಆಸ್ತಿ ಕಾನೂನು ಹಾಗಿತ್ತು. ಜಹಗೀರು ಭೂಮಿ ಒಡೆಯುವ ಹಾಗಿಲ್ಲ, ಸಾಮಾನ್ಯವಾಗಿ ಹಿರಿಯ ಮಗನಿಗೆ ಹೋಗುತ್ತದೆ. ಉಳಿದವರಿಗೆ ಒಂದಿಷ್ಟು ಹಣ, ಚರ್ಚಿನ ಆದಾಯದ ಪಾಲು, ಇಲ್ಲವಾದರೆ ಸೇನೆಯ ಕೆಲಸ. ಡ್ರಾಕೆನ್‌ಸ್ಟೈನ್ ಹೋದದ್ದು ಅಣ್ಣ ಗೆರಾರ್ಡ್‌ಗೆ. ಲಾಗೆ ವೂರ್ಶೆ ಅನ್ನೋ ಕಾಡಂಚಿನ ಹಳ್ಳಿಯಲ್ಲಿ ಎಂಟು ಮೂಲೆಯ, ಸುತ್ತ ನೀರಿನ ಕಂದಕ ಇರುವ ಬಿಳಿ ಮನೆ ಅದು. 1640ರಿಂದ 1643ರೊಳಗೆ ಕಟ್ಟಿದ್ದು. 1959ರಿಂದ ಅದು ರಾಜಮನೆತನದ ಬೆಯಾಟ್ರಿಕ್ಸ್ ಅವರ ಸ್ವಂತ ಮನೆ. ಒಳಗೆ ಬಿಡೋದಿಲ್ಲ. ಹಳ್ಳಿಯಲ್ಲಿ ಪ್ಯಾನ್‌ಕೇಕ್ ಹೋಟೆಲುಗಳಿವೆ, ವಾರದ ಕೊನೆಗೆ ಜನ ಜಾಸ್ತಿ. ನಾನು ಹೋಗಿದ್ದು ಆ ಮನೆ ಎಲ್ಲಿ ನಿಂತಿದೆ, ಸುತ್ತಲಿನ ಜಮೀನು ಎಂಥದ್ದು ಅಂತ ತಿಳಿಯಲು. ಮರಳು ನೆಲ, ಕಾಡು, ಕುರುಚಲು. ಹೊಲದ ಆದಾಯದಿಂದ ಹಲವು ಮಕ್ಕಳನ್ನು ಕುಲೀನರ ಹಾಗೆ ನಡೆಸುವಂಥ ಜಾಗ ಅಂತ ನನಗೆ ಅನಿಸಲಿಲ್ಲ.

ಈಗ ದಾಖಲೆಗಳ ವಿಷಯ. ಉಟ್ರೆಕ್ಟ್ ಪ್ರಾಂತ್ಯದ ಪತ್ರಾಗಾರ ಊರಿನ ನಡುವೆಯೇ ಇದೆ. ಯಾರು ಬೇಕಾದರೂ ಹೋಗಬಹುದು. ನೋಂದಣಿ ಮಾಡಿಸಿ, ಪೆನ್ನು ಒಳಗಿಟ್ಟು ಪೆನ್ಸಿಲ್ ಹಿಡಿದು ಕೂತರೆ ಆಯಿತು. ಎಲ್ಲರೂ ಮೊದಲು ಬ್ಯಾಪ್ಟಿಸಂ ಪುಸ್ತಕ ತೆಗೆಯುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಕೊಟ್ಟದ್ದು ಜಹಗೀರು ನೋಂದಣಿ ಪುಸ್ತಕಗಳು. ಜಹಗೀರುದಾರ ಸತ್ತರೆ ವಾರಸುದಾರ ಒಂದು ವರ್ಷ ಆರು ವಾರದೊಳಗೆ ಬಂದು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಹಾಗಾಗಿ ಪ್ರತಿ ನಮೂದಿನಲ್ಲೂ ಸತ್ತವನು ಯಾರು, ಬಂದವನು ಯಾರು, ಇಬ್ಬರಿಗೂ ಏನು ಸಂಬಂಧ ಅಂತ ಇರುತ್ತದೆ. ವಾರಸುದಾರ ಚಿಕ್ಕ ಹುಡುಗನಾದರೆ ಅಥವಾ ಹೆಂಗಸಾದರೆ ಅವರ ಪರವಾಗಿ ನಿಂತವನ ಹೆಸರೂ ಇರುತ್ತದೆ. ಆ ಪರವಾಗಿ ನಿಂತವನು ಬಹಳ ಸಲ ಸೋದರಮಾವ ಅಥವಾ ಚಿಕ್ಕಪ್ಪ. ತಾಯಿಯ ಕಡೆಯವರನ್ನು ಕಂಡುಹಿಡಿಯಲು ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಗಲಿಲ್ಲ.

ಇನ್ನೊಂದು ನೋಟರಿ ಕಾಗದಗಳು. ಮದುವೆ ಕರಾರು, ಉಯಿಲು, ಸಾಲಪತ್ರ, ಮನೆ ಸಾಮಾನಿನ ಪಟ್ಟಿ. ಉಟ್ರೆಕ್ಟಿನ ನೋಟರಿ ದಾಖಲೆಗಳಿಗೆ ಹೆಸರಿನ ಸೂಚಿ ಇದೆ, ಮನೆಯಲ್ಲೇ ಕೂತು ನೋಡಬಹುದು. ಉಯಿಲಿನಲ್ಲಿ ಒಂದು ಸಾಲನ್ನು ತಪ್ಪದೆ ಗಮನಿಸಿ. ತಬ್ಬಲಿ ಮಕ್ಕಳ ಆಸ್ತಿ ನೋಡಿಕೊಳ್ಳಲು ಊರಿನದ್ದೇ ಒಂದು ಕಚೇರಿ ಇತ್ತು. ಅನುಕೂಲಸ್ಥರು 'ಆ ಕಚೇರಿ ನಮ್ಮ ಮಕ್ಕಳ ವಿಷಯಕ್ಕೆ ಬರಬಾರದು, ಇಂಥಿಂಥವರೇ ಪೋಷಕರು' ಅಂತ ಉಯಿಲಿನಲ್ಲೇ ಬರೆಸುತ್ತಿದ್ದರು. ಆ ಪೋಷಕರ ಹೆಸರುಗಳೇ ಆ ಮನೆಯ ಆಪ್ತರ ಪಟ್ಟಿ.

ಕೈಬರಹ ಓದೋದು ಕಷ್ಟದ ಕೆಲಸ. 17ನೇ ಶತಮಾನದ ಡಚ್ ಬರಹ ಇವತ್ತಿನ ಡಚ್ಚರಿಗೇ ಓದಲು ಬರೋದಿಲ್ಲ. ನಾನು ಕಲಿತದ್ದು ಹೀಗೆ: ಯಾರೋ ಆಗಲೇ ಓದಿ ಅಚ್ಚು ಮಾಡಿದ ಪತ್ರದ ಮೂಲವನ್ನು ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸೋದು. ಒಬ್ಬನೇ ಗುಮಾಸ್ತನ ಕೈ ಅಭ್ಯಾಸ ಆಗುವವರೆಗೆ ಅವನನ್ನು ಬಿಡಬಾರದು. ಅವಸರ ಮಾಡಿದರೆ ಏನೂ ಬರೋದಿಲ್ಲ. ಅಂಕಿ, ತಿಂಗಳ ಹೆಸರು, 'ಮಗ', 'ವಿಧವೆ', 'ದಿವಂಗತ' ಅನ್ನೋ ಪದಗಳನ್ನು ಮೊದಲು ಗುರುತಿಸಲು ಕಲಿತರೆ ಅರ್ಧ ಕೆಲಸ ಆದಂತೆ.

ಚರ್ಚುಗಳಿಗೂ ಹೋದೆ. ಅಲ್ಲಿ ಗೋರಿಕಲ್ಲುಗಳ ಮೇಲೆ ಮನೆತನದ ಲಾಂಛನ ಕೆತ್ತಿರುತ್ತಾರೆ. ಸತ್ತವನ ತಂದೆಯ ಕಡೆ, ತಾಯಿಯ ಕಡೆ, ಅಜ್ಜಿಯರ ಕಡೆ ಎಲ್ಲ ಲಾಂಛನಗಳನ್ನು ಎರಡು ಬದಿಗೆ ಸಾಲಾಗಿ ಇಡೋ ಪದ್ಧತಿ. ಕಲ್ಲು ಓದಿದರೆ ನಾಲ್ಕು ತಲೆಮಾರು ಒಂದೇ ನೋಟಕ್ಕೆ ಸಿಗುತ್ತದೆ. ಆದರೆ 1795ರಲ್ಲಿ ಹಳೆಯ ಆಡಳಿತ ಬಿದ್ದಾಗ ಸಮಾನತೆಯ ಹೆಸರಲ್ಲಿ ಈ ಲಾಂಛನಗಳನ್ನು ಉಳಿಯಿಂದ ಕೆತ್ತಿ ತೆಗೆಸಿದರು. ಎಷ್ಟೋ ಕಲ್ಲುಗಳ ನಡುವೆ ಬರೀ ಒರಟು ಗುರುತು ಇದೆ. ಪುಣ್ಯಕ್ಕೆ ಉಟ್ರೆಕ್ಟಿನ ಆರ್ನೌಟ್ ಫಾನ್ ಬುಖೆಲ್ ಅನ್ನೋ ವಕೀಲ ಅದಕ್ಕೂ ಬಹಳ ಮೊದಲೇ ಚರ್ಚಿಂದ ಚರ್ಚಿಗೆ ತಿರುಗಿ ಗೋರಿ, ಕಿಟಕಿಗಾಜು, ಲಾಂಛನ ಎಲ್ಲವನ್ನೂ ಚಿತ್ರ ಬರೆದು ಇಟ್ಟಿದ್ದ. ಅವನು ತೀರಿಕೊಂಡದ್ದು 1641ರಲ್ಲಿ. ಅಂದರೆ ಹೆಂಡ್ರಿಕ್‌ನ ಅಪ್ಪ ಅಜ್ಜಂದಿರ ಕಾಲದ್ದೆಲ್ಲ ಅವನ ಕೈಯಲ್ಲಿ ದಾಖಲಾಗಿದೆ. ಇಂಥ ಒಬ್ಬ ಮನುಷ್ಯ ಇದ್ದರೆ ಒಂದು ಪ್ರಾಂತ್ಯದ ನೆನಪೇ ಉಳಿಯುತ್ತದೆ. ಆ ಚಿತ್ರಗಳನ್ನು ನೋಡುವಾಗ ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಹೀಗೆ ಹುಡುಕಿದಾಗ ಹೆಂಡ್ರಿಕ್‌ನ ಸುತ್ತ ಒಂದು ದೊಡ್ಡ ಬಳಗ ಎದ್ದು ಬಂತು. ನೆಡರ್‌ಹೊರ್ಸ್ಟ್‌ನ ಗೊಡಾರ್ಡ್, ಸ್ಪೇನಿನ ಜೊತೆಗಿನ 80 ವರ್ಷದ ಯುದ್ಧ ಮುಗಿಸಿದ ಮ್ಯೂನ್‌ಸ್ಟರ್ ಸಂಧಾನದಲ್ಲಿ ಉಟ್ರೆಕ್ಟಿನ ಪ್ರತಿನಿಧಿ. ರೆನ್ಸ್‌ವೌಡೆಯ ಯೋಹಾನ್, 1654ರಲ್ಲಿ ದೊಡ್ಡ ಕೋಟೆಮನೆ ಕಟ್ಟಿಸಿದವನು. ಆಮೆರೋಂಗೆನ್‌ನ ಗೊಡಾರ್ಡ್ ಆಡ್ರಿಯಾನ್, ಯುರೋಪಿನ ಆಸ್ಥಾನಗಳನ್ನೆಲ್ಲ ಸುತ್ತಿದ ರಾಯಭಾರಿ. ಅವನ ಮನೆಯನ್ನು 1673ರಲ್ಲಿ ಫ್ರೆಂಚ್ ಸೇನೆ ಸುಟ್ಟುಹಾಕಿತು. ಗಂಡ ಪರದೇಶದಲ್ಲಿದ್ದಾಗ ಹೆಂಡತಿ ಮಾರ್ಗರೆಟಾ ಟರ್ನರ್ ನಿಂತು ಆ ಮನೆಯನ್ನು ಮತ್ತೆ ಕಟ್ಟಿಸಿದಳು. ಇಟ್ಟಿಗೆ, ಮರ, ಕೂಲಿ ಎಲ್ಲದರ ಬಗ್ಗೆ ಅವಳು ಗಂಡನಿಗೆ ಬರೆದ ಪತ್ರಗಳು ಉಳಿದಿವೆ. ಫಾನ್ ರೇಡೆ ಮನೆತನದಲ್ಲಿ ನನಗೆ ಎಲ್ಲರಿಗಿಂತ ಹತ್ತಿರವಾದವಳು ಅವಳೇ. ಆ ಮನೆ ಈಗ ಎಲ್ಲರಿಗೂ ತೆರೆದಿದೆ. ಜರ್ಮನಿಯ ಕೈಸರ್ 2ನೇ ವಿಲ್‌ಹೆಲ್ಮ್ 1918ರಲ್ಲಿ ಸಿಂಹಾಸನ ಬಿಟ್ಟ ಪತ್ರಕ್ಕೆ ಸಹಿ ಹಾಕಿದ್ದೂ ಅಲ್ಲೇ. ಅಷ್ಟರಲ್ಲಿ ಮನೆ ಬೆಂಟಿಂಕ್ ಕುಟುಂಬದ ಕೈ ಸೇರಿತ್ತು. ಮಾರ್ಗರೆಟಾಳ ಮಗ, ಗಿಂಕೆಲ್‌ನ ಗೊಡಾರ್ಡ್, ಇಂಗ್ಲೆಂಡಿನ ದೊರೆ 3ನೇ ವಿಲಿಯಂನ ದಂಡನಾಯಕ. 1691ರ ಜುಲೈನಲ್ಲಿ ಐರ್ಲೆಂಡಿನ ಆಗ್ರಿಮ್ ಯುದ್ಧ ಗೆದ್ದು ಅತ್ಲೋನ್ ಅರ್ಲ್ ಪದವಿ ಪಡೆದ.

ಇಂಥವರ ಬಳಗದಲ್ಲಿ ಹುಟ್ಟಿ, ಕೈಯಲ್ಲಿ ಜಮೀನಿಲ್ಲದ ಕಿರಿಯ ತಬ್ಬಲಿ ಹುಡುಗ. 14ನೇ ವಯಸ್ಸಿಗೇ ಮನೆ ಬಿಟ್ಟ. 1656ರಲ್ಲಿ ಕಂಪನಿ ಸೇರಿದ. ಹೆಸರು ದೊಡ್ಡದು, ಗಂಟು ಚಿಕ್ಕದು. ಈ ಎರಡರ ನಡುವಿನ ಅಂತರವನ್ನು ತುಂಬಲು ಅವನು ಜೀವನವಿಡೀ ದುಡಿದ ಅಂತ ನಾನು ಓದುತ್ತೇನೆ.

ಕಂಪನಿಯಲ್ಲಿ ಅವನು ರೈಕ್ಲೋಫ್ ಫಾನ್ ಖೂನ್ಸ್ ಅನ್ನೋ ಸೇನಾಪತಿಯ ಕೈಕೆಳಗೆ ಬಂದ. ಜೊತೆಗೆ ಯೋಹಾನ್ ಬಾಕ್ಸ್ ಅನ್ನೋ ಇನ್ನೊಬ್ಬ ಕುಲೀನ ಗೆಳೆಯ ಇದ್ದ. 1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿ ಕಿತ್ತುಕೊಂಡಾಗ ಇಬ್ಬರೂ ಆ ದಂಡಯಾತ್ರೆಯಲ್ಲಿದ್ದರು. 1670ರಿಂದ 1677ರವರೆಗೆ ಫಾನ್ ರೇಡೆ ಮಲಬಾರಿನ ಕಮಾಂಡರ್. ಬಾಕ್ಸ್ ಮುಂದೆ ದಕ್ಷಿಣ ಆಫ್ರಿಕಾದ ಕೇಪ್‌ನ ಗವರ್ನರ್ ಆದ.

ಗಿಡಗಳ ಪುಸ್ತಕದ ಕೆಲಸ ನಡೆದದ್ದು ಈ ಏಳು ವರ್ಷಗಳಲ್ಲಿ. ಇಟ್ಟಿ ಅಚ್ಯುತನ್ ಅನ್ನೋ ಈಳವ ವೈದ್ಯ, ಮತ್ತೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅನ್ನೋ ಮೂವರು ಕೊಂಕಣಿ ವೈದ್ಯರು ಅದರ ಬೆನ್ನೆಲುಬು. ಮೂವರು ನಾಗರಿ ಲಿಪಿಯಲ್ಲಿ ಕೊಂಕಣಿಯಲ್ಲೇ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ನಮ್ಮ ಕರಾವಳಿಯ ಕೊಂಕಣಿಗರು ಆ ಪುಟ ನೋಡಲೇಬೇಕು. ಮೂರನೇ ಸಂಪುಟದ ಮುನ್ನುಡಿಯಲ್ಲಿ ಫಾನ್ ರೇಡೆ ತಾನು ಕಾಡು ಸುತ್ತಿದ್ದು, ಪುಸ್ತಕ ಹುಟ್ಟಿದ್ದು ಹೇಗೆ ಅಂತ ಹೇಳಿಕೊಂಡಿದ್ದಾನೆ. ಜೀವನಚರಿತ್ರೆ ಬರೆಯುವವರಿಗೆ ಅದು ಅವನ ಬಾಯಿಂದಲೇ ಬಂದ ಸಾಕ್ಷಿ.

1678ರಲ್ಲಿ ಊರಿಗೆ ಮರಳಿದ. ಹೋದಾಗ ಬರಿಗೈಯವನು, ಬಂದಾಗ ಹಣವಂತ. ಮೈಡ್ರೆಕ್ಟ್ ಅನ್ನೋ ಊರಿನ ಜಹಗೀರು ತನ್ನದಾಗಿಸಿಕೊಂಡ. 1684ರಲ್ಲಿ ಉಟ್ರೆಕ್ಟಿನ ಕುಲೀನರ ಸಭೆಗೆ ಸೇರಿದ. ಈ ಸಂಗತಿ ಸಿಕ್ಕಿದ ದಿನ ನನಗೆ ಉಂಟಾದ ಸಂತೋಷ ಅಷ್ಟಿಷ್ಟಲ್ಲ. ಪುಸ್ತಕದ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ ಮನೆತನದ ಕಡೆಯಿಂದ ನೋಡಿದರೆ ಇದೇ ಅವನ ದೊಡ್ಡ ಗೆಲುವು. ಅಣ್ಣನ ಆಸ್ತಿಯ ಹೆಸರು ಹೊತ್ತು ತಿರುಗಿದವನು ಕೊನೆಗೆ ತನ್ನದೇ ಜಹಗೀರಿನ ಹಕ್ಕಿನಲ್ಲಿ ತನ್ನ ಬಳಗದವರ ಪಕ್ಕ ಕೂತ.

ಅದೇ ಹೊತ್ತಿಗೆ ಕಂಪನಿ ಅವನನ್ನು ಮತ್ತೆ ಕರೆಯಿತು. ಏಷ್ಯಾದ ಕೋಠಿಗಳಲ್ಲಿ ಲಂಚ, ಕಳ್ಳವ್ಯಾಪಾರ ಮಿತಿಮೀರಿತ್ತು. ಅದನ್ನು ತಪಾಸಣೆ ಮಾಡಲು ಕಮಿಷನರ್ ಜನರಲ್ ಮಾಡಿ ಕಳಿಸಿದರು. ದೊಡ್ಡ ಮನೆತನದವನು, ಸಭೆಯ ಸದಸ್ಯ, ಮೇಲಧಿಕಾರಿಗಳಿಗೆ ಹೆದರುವವನಲ್ಲ ಅನ್ನೋದು ಈ ಆಯ್ಕೆಗೆ ನೆರವಾಗಿರಬೇಕು ಅಂತ ನನ್ನ ಅನಿಸಿಕೆ. 1685ರಲ್ಲಿ ಕೇಪ್‌ಗೆ ಹೋದ. ಅಲ್ಲಿಂದ ಸಿಲೋನ್, ಬಂಗಾಳ, ಕೋರಮಂಡಲ, ಮಲಬಾರ್. ಕೇಪ್‌ನಲ್ಲಿ 1687ರಲ್ಲಿ ಹೊಸ ವಸಾಹತು ಎದ್ದಾಗ ಅದಕ್ಕೆ ಡ್ರಾಕೆನ್‌ಸ್ಟೈನ್ ಅಂತ ಹೆಸರಿಟ್ಟರು. ದಕ್ಷಿಣ ಆಫ್ರಿಕಾದಲ್ಲಿ ಇವತ್ತಿಗೂ ಆ ಹೆಸರಿನ ನಗರಸಭೆ ಇದೆ.

ಕೇಪ್‌ನಲ್ಲಿ ಅವನು ಗುಲಾಮರ ಬಗ್ಗೆಯೂ ಆದೇಶ ಬರೆದ. ಅವರ ಮಕ್ಕಳನ್ನು ಶಾಲೆಗೆ ಕಳಿಸಬೇಕು, ಯುರೋಪಿಯನ್ ತಂದೆಗೆ ಹುಟ್ಟಿದವರು ಡಚ್ ಭಾಷೆ ಮತ್ತು ಧರ್ಮ ಕಲಿತರೆ ಗಂಡು 25ಕ್ಕೆ, ಹೆಣ್ಣು 22ಕ್ಕೆ ಬಿಡುಗಡೆ ಕೇಳಬಹುದು ಅಂತ. ಕೆಲವರು ಇದನ್ನು ಅವನ ದೊಡ್ಡತನ ಅಂತ ಹೊಗಳುತ್ತಾರೆ. ನನಗೆ ಹಾಗೆ ಬರೆಯಲು ಮನಸ್ಸು ಬರೋದಿಲ್ಲ. ಗುಲಾಮರನ್ನು ಇಟ್ಟುಕೊಂಡ ಕಂಪನಿಯ ಅಧಿಕಾರಿ ಆ ವ್ಯವಸ್ಥೆಯನ್ನು ಅಚ್ಚುಕಟ್ಟು ಮಾಡಿದ, ಮುರಿಯಲಿಲ್ಲ. ವಂಶಾವಳಿ ಬರೆಯುವವರು ಮನೆತನದ ಮೋಹಕ್ಕೆ ಬೀಳುತ್ತಾರೆ. ಹಣ ಎಲ್ಲಿಂದ ಬಂತು, ಯಾರ ಬೆವರಿಂದ ಬಂತು ಅನ್ನೋದನ್ನು ಅದೇ ಪುಟದಲ್ಲಿ ಬರೆಯಬೇಕು ಅಂತ ನಾನು ನಂಬಿದ್ದೇನೆ.

1691ರ ಡಿಸೆಂಬರ್ 15ರಂದು, ಕೊಚ್ಚಿಯಿಂದ ಸೂರತ್‌ಗೆ ಹೋಗುವಾಗ ಮುಂಬೈ ಹತ್ತಿರದ ಸಮುದ್ರದಲ್ಲಿ ಹಡಗಿನಲ್ಲೇ ತೀರಿಕೊಂಡ. ಆಮೆರೋಂಗೆನ್‌ನ ರಾಯಭಾರಿ ಗೊಡಾರ್ಡ್ ಆಡ್ರಿಯಾನ್ ಕೂಡ ಅದೇ ವರ್ಷ ಕೋಪನ್‌ಹೇಗನ್‌ನಲ್ಲಿ ಸತ್ತ. ಒಂದೇ ಮನೆತನದ ಮೂವರು 1691ರಲ್ಲಿ ಮೂರು ಕಡೆ: ಒಬ್ಬ ಐರ್ಲೆಂಡಿನ ರಣರಂಗದಲ್ಲಿ, ಒಬ್ಬ ಡೆನ್ಮಾರ್ಕಿನಲ್ಲಿ, ಒಬ್ಬ ಅರಬ್ಬಿ ಸಮುದ್ರದಲ್ಲಿ. ಇದನ್ನು ಒಂದು ಹಾಳೆಯ ಮೇಲೆ ವರ್ಷದ ಪ್ರಕಾರ ಜೋಡಿಸಿದಾಗಲೇ ಕಣ್ಣಿಗೆ ಬಿತ್ತು. ವಂಶವೃಕ್ಷದ ಜೊತೆಗೆ ಇಂಥ ಕಾಲಪಟ್ಟಿಯನ್ನೂ ಮಾಡಿಕೊಳ್ಳಿ, ತುಂಬಾ ಉಪಯೋಗ.

ಸೂರತ್‌ನ ಡಚ್ ಸ್ಮಶಾನದಲ್ಲಿ ಅವನ ಗೋರಿ ಇದೆ. ಎರಡು ಅಂತಸ್ತು, ಮೇಲೆ ಗುಮ್ಮಟ, ಸುತ್ತ ಕಂಬಗಳ ಮೊಗಸಾಲೆ. ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಫಾನ್ ರೇಡೆ ಮದುವೆಯಾಗಲಿಲ್ಲ. ಫ್ರಾನ್ಸಿನಾ ಅನ್ನೋ ದತ್ತು ಮಗಳು ಇದ್ದಳು. ಹುಟ್ಟಿನಿಂದ ಬಂದ ಸಂಬಂಧವನ್ನಷ್ಟೇ ಲೆಕ್ಕ ಮಾಡುವ ವಂಶಾವಳಿಗಳಲ್ಲಿ ಅವಳಿಗೆ ಜಾಗ ಇರೋದಿಲ್ಲ. ನಾನು ಮಾಡಿದ ಪಟ್ಟಿಯಲ್ಲಿ ಅವಳ ಹೆಸರನ್ನು ಅವನ ಕೆಳಗೇ, ಮಗಳು ಅಂತಲೇ ಬರೆದಿದ್ದೇನೆ.

ನೀವೂ ಇಂಥ ಕೆಲಸಕ್ಕೆ ಇಳಿಯೋದಾದರೆ ನೆದರ್‌ಲ್ಯಾಂಡ್ಸ್‌ಗೆ ಬರಲೇಬೇಕು ಅಂತಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಕಪಾಟುಗಳನ್ನು ಸಾಲಾಗಿ ಇಟ್ಟರೆ ಸುಮಾರು 1.2 ಕಿಲೋಮೀಟರ್ ಆಗುತ್ತದೆ. 2003ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಈಗ ಲಕ್ಷಗಟ್ಟಲೆ ಪುಟಗಳ ಸ್ಕ್ಯಾನ್ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರ್ ಕೈಬರಹ ಓದಿ ಅಕ್ಷರಕ್ಕೆ ಇಳಿಸಿದ ಪಠ್ಯವೂ ಇದೆ. ಅದರಲ್ಲಿ ತಪ್ಪುಗಳಿರುತ್ತವೆ, ಹಾಗಾಗಿ ಸಿಕ್ಕಿದ ಸಾಲನ್ನು ಮೂಲದ ಚಿತ್ರದ ಜೊತೆ ಹೋಲಿಸಿಯೇ ಬಳಸಿ. ಕಂಪನಿಗೆ ಕೆನರಾದ ಅಕ್ಕಿ ಬೇಕಿತ್ತು, ಅದಕ್ಕಾಗಿ ಬಸ್ರೂರಿನಲ್ಲಿ ಕೋಠಿ ಇತ್ತು, ಕೆಳದಿ ನಾಯಕರ ಜೊತೆ ವ್ಯವಹಾರ ಇತ್ತು. ಫಾನ್ ರೇಡೆ ಕೊಚ್ಚಿಯಲ್ಲಿದ್ದ ವರ್ಷಗಳ ಮಲಬಾರ್ ಪತ್ರಗಳನ್ನು ನಾನೀಗ ಅದಕ್ಕಾಗಿಯೇ ಓದುತ್ತಿದ್ದೇನೆ. ಬಸ್ರೂರು ಅಂತ ಹುಡುಕಿದರೆ ಏನೂ ಸಿಗೋದಿಲ್ಲ. ಬಾರ್ಸೆಲೋರ್, ಬಾರ್ಸಲೋರ್, ಬಾರ್ಸಲೂರ್ ಅಂತ ಬೇರೆ ಬೇರೆ ಕಾಗುಣಿತದಲ್ಲಿ ಹಾಕಿ ನೋಡಿ. ಕನ್ನಡ, ಕೊಂಕಣಿ ಹೆಸರುಗಳ ವ್ಯಾಪಾರಿಗಳು ಕಂಡರೆ ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ. ಡಚ್ ಗುಮಾಸ್ತ ಏನೋ ಬರೆದಿದ್ದರೂ ಆ ಹೆಸರು ಶೆಣೈಯೋ ಕಾಮತಿಯೋ ಹೆಗ್ಡೆಯೋ ಅಂತ ಗುರುತಿಸಲು ನಮ್ಮ ಊರಿನವರೇ ಬೇಕು.